ಹುಲಿಯಿಲ್ಲದ ಗೋವಿನ ಹಾಡು

ಗೋವಿನ ಹಾಡಿನ ಕೊನೆಯಲ್ಲಿ ಹುಲಿಯು ಪ್ರಾಣ ಬಿಡುತ್ತದೆ. ಆದರೂ ಜಾಲಹಳ್ಳಿಯ ಮನೆಗಳಲ್ಲಿ ನಾವು ಅದನ್ನು ನಿಶ್ಚಿಂತೆಯಿಂದ ಮಕ್ಕಳಿಗೆ ಹೇಳುತ್ತೇವೆ. 1968ರಲ್ಲಿ ಎಸ್. ಎಲ್. ಭೈರಪ್ಪನವರು ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಯಲ್ಲಿ ಈ ಕಥೆಯನ್ನು ಆಧುನಿಕ ಹಳ್ಳಿಗೆ ತಂದರು. 1977ರಲ್ಲಿ ಅದು ಚಲನಚಿತ್ರವೂ ಆಯಿತು. ಅಲ್ಲಿ ಹಸುವನ್ನು ಕೊಲ್ಲುವುದು ಹುಲಿಯಲ್ಲ, ಮನುಷ್ಯ.

ಓದುಗನ ಎದೆ ಝಲ್ಲೆನ್ನುವುದೇಕೆ? ರಕ್ತಕ್ಕಂತೂ ಅಲ್ಲ. ಪದೇ ಪದೇ ಕೇಳಿದ ಕಥೆಯಲ್ಲಿ ಮುಂದೇನೆಂಬುದನ್ನು ಮನಸ್ಸು ಮೊದಲೇ ನಿರೀಕ್ಷಿಸುತ್ತಿರುತ್ತದೆ. ಒಂದು ಮಾತು ಬದಲಾದರೂ ಎಳೆಯ ಮಗು ಅಜ್ಜಿಯನ್ನು ತಡೆದು ತಿದ್ದುವುದಿಲ್ಲವೆ? 2023ರ ಚಲನಚಿತ್ರವೊಂದರಲ್ಲಿ ಇಂಗ್ಲಿಷ್ ಮಕ್ಕಳ ಮುದ್ದಿನ ಕರಡಿ ವಿನ್ನಿ-ದ-ಪೂ ಕೊಲೆಗಡುಕನಾದಾಗಲೂ ಅಭಿಮಾನಿಗಳು ಕೆರಳಿದರು. (ಟಿಕೆಟ್ ಕೊಂಡು ನೋಡಿದವರೂ ಕಡಿಮೆಯಿರಲಿಲ್ಲ!) ಆದರೆ ಆ ಚಿತ್ರಕ್ಕೆ ಬೆಚ್ಚಿಸುವುದಷ್ಟೇ ಬೇಕಿತ್ತು. ಭೈರಪ್ಪನವರ ಕಥೆಯ ನೋವು ಬೇರೆ: ಹಾಡಿನ ಹುಲಿ ಸಕಾಲದಲ್ಲಿ ಕರಗಿತು, ಇಲ್ಲಿ ಮನುಷ್ಯನ ಮನಸ್ಸು ಕರಗುವಷ್ಟರಲ್ಲಿ ಕಾಲ ಮಿಂಚಿರುತ್ತದೆ.