ಹೇಳದೆ ಬಿಟ್ಟ ದಾರಿ

ರಾಯಚೂರಿನಲ್ಲಿ ಮಾನ್ವಿಯ ಬಸ್ಸು ಹತ್ತಿದ್ದೀರಿ ಎನ್ನಿ. "ಕಲ್ಮಲ, ಕಲ್ಮಲ!" ಎಂದು ಕಂಡಕ್ಟರು ಕೂಗುತ್ತಾರೆ. ಬಸ್ಸು ನಿಲ್ಲುವುದೆಂದಾಗಲಿ, ಗಂಟುಮೂಟೆ ಎತ್ತಿಕೊಳ್ಳಿರೆಂದಾಗಲಿ ಹೇಳುವುದಿಲ್ಲ. ಆದರೂ ಇಳಿಯುವವರು ಏಳುತ್ತಾರೆ. ಬಸ್ ಪ್ರಯಾಣದ ಚಿತ್ರ ಮೊದಲೇ ಮನಸ್ಸಿನಲ್ಲಿದೆ. ಒಂದು ಮಾತು ಅದನ್ನೆಲ್ಲ ಎಬ್ಬಿಸುತ್ತದೆ. ಇಂಥ ಚಿತ್ರವನ್ನೇ ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್ಮೋರ್ ಅವರು 1982ರ ಲೇಖನವೊಂದರಲ್ಲಿ 'ಚೌಕಟ್ಟು' ಎಂದು ವಿವರಿಸಿದರು.

ಈ ದೃಷ್ಟಿಯಿಂದ ಕುರ್‌ಆನಿನ 12ನೆಯ ಅಧ್ಯಾಯವಾದ ಯೂಸುಫರ ಕಥೆಯನ್ನು ನೋಡೋಣ. ಕಿರಿಯ ತಮ್ಮನನ್ನು ಈಜಿಪ್ಟಿನಲ್ಲಿ ತಡೆಹಿಡಿದಾಗ, ತಂದೆಗೆ ಏನು ಹೇಳಬೇಕೆಂದು ಹಿರಿಯಣ್ಣನು ಉಳಿದವರಿಗೆ ಕಲಿಸುತ್ತಾನೆ. ಆ ಮಾತು 82ನೆಯ ವಚನಕ್ಕೆ ಮುಗಿಯುತ್ತದೆ. 83ರಲ್ಲಿ ನೇರವಾಗಿ ತಂದೆ ಯಾಕೂಬರ ಉತ್ತರ! ನಡುವಣ ದೂರದ ಪಯಣವಾಗಲಿ, ಮನೆಯ ಹೊಸ್ತಿಲಾಗಲಿ ಅಲ್ಲಿಲ್ಲ.

ಅದನ್ನು ತುಂಬಿಕೊಳ್ಳುವವರು ಕೇಳುಗರು. ಹಿಂದೆ ಯೂಸುಫರನ್ನು ಕಳೆದುಕೊಂಡ ಮುದುಕನ ಮುಂದೆ ಮತ್ತೆ ಅಂಥದೇ ಸುದ್ದಿ ಹೇಳುವ ಸಂಕಟವನ್ನು ನಾವು ನಮ್ಮ ಮನೆಗಳಿಂದಲೇ ತರಬೇಕು. ಸ್ಪಷ್ಟವಾಗಲೆಂದು ಅನುವಾದಕರು ಆ ಪಯಣವನ್ನು ಬರೆದು ಸೇರಿಸಿದರೆ ನಮ್ಮ ಪಾಲು ಕಳೆದಂತೆಯೇ. ಕನ್ನಡ, ಉರ್ದು, ತೆಲುಗು ಅಕ್ಕಪಕ್ಕದಲ್ಲಿರುವ ಈ ಜಿಲ್ಲೆಯಲ್ಲಿ ನೆರೆಮನೆಯ ಕಥೆಯನ್ನರಿಯಲು ನಿಘಂಟೊಂದೇ ಸಾಲದು. ಮುಂದೆ ಇದನ್ನು ಓದುವಾಗ ಆ ಎರಡು ವಚನಗಳ ನಡುವೆ ತುಸು ನಿಂತು ನೋಡಿ.