ಚಿತ್ರ ಕೆಟ್ಟದ್ದೆಲ್ಲಿ?

ಗಣಕಯಂತ್ರದಲ್ಲಿ ಆಟವಾಡುತ್ತಿರುವಾಗ ಪರದೆ ಒಮ್ಮೆಲೇ ಸ್ತಬ್ಧವಾಗಿ, ಆಟ ತಾನಾಗಿಯೇ ಮುಚ್ಚಿಕೊಳ್ಳುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಇದನ್ನೇ ಕ್ರ್ಯಾಶ್ ಎನ್ನುವುದು. ಆಟ ಹೋದರೆ ಹೋಗಲಿ. ಆ ಬಳಿಕವೂ ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳೋ ಗೆರೆಗಳೋ ಉಳಿದುಕೊಂಡರೆ, ಇಲ್ಲವೆ ಚಿತ್ರವೆಲ್ಲ ಬಿಳಿಚಿಕೊಂಡರೆ, ಎದೆ ಝಲ್ಲೆನ್ನುತ್ತದೆ. ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಯಿತೆಂದು ತೀರ್ಮಾನಿಸಿ, ಸಾವಿರಾರು ರೂಪಾಯಿ ತೆತ್ತು ಹೊಸದನ್ನು ತರುವವರುಂಟು. ಹೊಸ ಕಾರ್ಡಿನಲ್ಲಿಯೂ ಅದೇ ದೋಷ ಕಂಡಾಗ ಹಣವೂ ಹೋಯಿತು, ಕಾರಣವೂ ತಿಳಿಯಲಿಲ್ಲ. ಹಣ ತೆರುವ ಮೊದಲು ದೋಷದ ನೆಲೆಯನ್ನು ಕಂಡುಹಿಡಿಯುವುದು ಹೇಗೆಂಬುದನ್ನು ಇಲ್ಲಿ ನೋಡೋಣ.

ಚಿತ್ರವು ಪರದೆಯನ್ನು ಸೇರುವ ದಾರಿಯನ್ನು ಮೊದಲು ಅರಿಯಬೇಕು. ಸಾಧಾರಣ ಪರದೆಯೊಂದರಲ್ಲಿ ಸಾಲಿಗೆ 1920ರಂತೆ 1080 ಸಾಲುಗಳು, ಅಂದರೆ ಒಟ್ಟು 20,73,600 ಬೆಳಕಿನ ಬಿಂದುಗಳು ಇರುತ್ತವೆ. ಇವೇ ಪಿಕ್ಸೆಲ್‌ಗಳು. ಆಟವು ತನಗೆ ಬೇಕಾದ ಚಿತ್ರವನ್ನು ಡ್ರೈವರ್ ಎಂಬ ತಂತ್ರಾಂಶಕ್ಕೆ ತಿಳಿಸುತ್ತದೆ. ಡ್ರೈವರ್ ಅದನ್ನು ಕಾರ್ಡಿಗೆ ಅರ್ಥವಾಗುವ ಆಜ್ಞೆಗಳನ್ನಾಗಿ ಮಾರ್ಪಡಿಸುತ್ತದೆ. ಕಾರ್ಡು ಪ್ರತಿ ಬಿಂದುವಿನಲ್ಲಿಯೂ ಕೆಂಪು, ಹಸಿರು, ನೀಲಿಗಳು ಎಷ್ಟೆಷ್ಟಿರಬೇಕೆಂದು ಲೆಕ್ಕಹಾಕಿ ತನ್ನ ಮೆಮೊರಿಯಲ್ಲಿ ಬರೆದಿಡುತ್ತದೆ. ಈ ಬರಹವನ್ನು ಕಾರ್ಡಿನ ಇನ್ನೊಂದು ಭಾಗವು ಸೆಕೆಂಡಿಗೆ ಸಾಮಾನ್ಯವಾಗಿ 60 ಸಲ ಓದಿ, ಕೇಬಲ್ಲಿನ ಮೂಲಕ ಮಾನಿಟರಿಗೆ ಕಳುಹಿಸುತ್ತದೆ. ಹೀಗೆ ಸೆಕೆಂಡೊಂದಕ್ಕೆ ಸಾಗುವ ಬಿಂದುಗಳು 12 ಕೋಟಿಗೂ ಹೆಚ್ಚು!

ಈ ದಾರಿಯನ್ನು ನಡುವೆ ಎರಡಾಗಿ ಒಡೆಯುವ ಸುಲಭವಾದ ಪರೀಕ್ಷೆಯೊಂದಿದೆ. ಪರದೆಯ ಮೇಲೆ ದೋಷ ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿಯೋ ಫೋನಿನಲ್ಲಿಯೋ ತೆರೆಯಬೇಕು. ಸ್ಕ್ರೀನ್‌ಶಾಟ್ ಎಂಬುದು ಮೆಮೊರಿಯಲ್ಲಿರುವ ಬರಹದ ಪ್ರತಿ; ಕೇಬಲ್ಲು, ಮಾನಿಟರುಗಳ ಸೋಂಕು ಅದಕ್ಕಿಲ್ಲ. ಪ್ರತಿಯಲ್ಲಿಯೂ ದೋಷವಿದ್ದರೆ ಚಿತ್ರವು ಹುಟ್ಟುವಾಗಲೇ ಕೆಟ್ಟಿದೆ ಎಂದರ್ಥ. ಪ್ರತಿ ಶುದ್ಧವಾಗಿದ್ದರೆ, ಬಹುಮಟ್ಟಿಗೆ, ಅದು ದಾರಿಯಲ್ಲಿ ಕೆಟ್ಟಿದೆ.

ದಾರಿಯಲ್ಲಿ ಕೆಟ್ಟಿದ್ದರೆ ಮಾನಿಟರಿನ ಗುಂಡಿಯನ್ನೊತ್ತಿ ಅದರ ಸ್ವಂತ ಮೆನುವನ್ನು ತೆರೆಯಿರಿ. ಈ ಮೆನುವನ್ನು ಮಾನಿಟರೇ ರಚಿಸುತ್ತದೆ. ಅದೂ ವಿಕಾರವಾಗಿ ಕಂಡರೆ ಸಂಶಯ ಮಾನಿಟರಿನ ಮೇಲೆ. ಸ್ವಚ್ಛವಾಗಿದ್ದರೆ ಕೇಬಲ್ಲನ್ನು ಬಿಗಿಯಾಗಿ ಕೂಡಿಸಿ, ಇಲ್ಲವೆ ಬದಲಾಯಿಸಿ ನೋಡಬೇಕು. ಚಿತ್ರ ಕೇವಲ ಬಿಳಿಚಿಕೊಂಡಿದ್ದರೆ ಕಾರಣ ಬೇರೆಯಿರಬಹುದು. ಕೆಲವು ಹಳೆಯ ಆಟಗಳು ತಮ್ಮ ಅನುಕೂಲಕ್ಕಾಗಿ ಹೊಳಪಿನ ಕೋಷ್ಟಕವನ್ನು ತಿದ್ದಿ, ಮುಗಿಯುವಾಗ ಮೊದಲಿನಂತೆ ಮಾಡುತ್ತವೆ. ನಡುವೆಯೇ ಕುಸಿದ ಆಟಕ್ಕೆ ಆ ಅವಕಾಶವೆಲ್ಲಿ? ಯಂತ್ರವನ್ನು ಮತ್ತೆ ಪ್ರಾರಂಭಿಸಿದರೆ ಇದು ಸರಿಹೋಗುತ್ತದೆ.

ಹುಟ್ಟುವಾಗಲೇ ಚಿತ್ರ ಕೆಟ್ಟಿದ್ದರೆ, ದೋಷವು ಯಾವಾಗ ಕಾಣುತ್ತದೆಂಬುದನ್ನು ಗಮನಿಸಬೇಕು. ಯಂತ್ರವನ್ನು ಹಚ್ಚಿದೊಡನೆ ಬರುವ ಮೊದಲ ಅಕ್ಷರಗಳ ಮೇಲೆಯೇ ಚೌಕಗಳಿದ್ದರೆ, ಆಗ ಡ್ರೈವರ್ ಇನ್ನೂ ಕೆಲಸಕ್ಕೆ ತೊಡಗಿಯೇ ಇಲ್ಲವಾದುದರಿಂದ, ಸಂಶಯ ಕಾರ್ಡಿನ ಮೇಲೆ ಬಲವಾಗುತ್ತದೆ. ಹತ್ತಿಪ್ಪತ್ತು ನಿಮಿಷ ಆಡಿದ ಬಳಿಕ ಮಾತ್ರ ಕಾಣಿಸಿದರೆ ಶಾಖವು ಕಾರಣವಿರಬಹುದು: ವಿದ್ಯುತ್ತನ್ನು ತಪ್ಪಿಸಿ ಧೂಳು ತೆಗೆಯಬೇಕು, ಫ್ಯಾನು ತಿರುಗುವುದೇ ಎಂದು ನೋಡಬೇಕು, ಕಾರ್ಡಿನ ವೇಗವನ್ನು ಹೆಚ್ಚಿಸಿದ್ದರೆ ಮೊದಲಿನ ಮಟ್ಟಕ್ಕೆ ಇಳಿಸಬೇಕು. ಒಂದೇ ಆಟದಲ್ಲಿ ಕಂಡರೆ ಆ ಆಟದ ಕಡತಗಳನ್ನೂ ಡ್ರೈವರನ್ನೂ ಮತ್ತೆ ಸ್ಥಾಪಿಸಬೇಕು.

2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ, ಕಾರ್ಡು 2 ಸೆಕೆಂಡುಗಳವರೆಗೆ ಓಗೊಡದಿದ್ದರೆ ವಿಂಡೋಸ್ ತಾನೇ ಡ್ರೈವರನ್ನು ಮತ್ತೆ ಚಾಲೂ ಮಾಡುತ್ತದೆ. ಕ್ಷಣಕಾಲ ಪರದೆ ಕಪ್ಪಾಗಿ ಮರಳುವುದು ಇದರಿಂದಲೇ. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳ ಜೊತೆಗೆ ‘ಬಿ’ ಅಕ್ಷರವನ್ನೊತ್ತಿ ನಾವೂ ಇದನ್ನು ಮಾಡಿಸಬಹುದು. ಇಷ್ಟರಿಂದಲೇ ಚಿತ್ರ ಸರಿಹೋದರೆ ಕಾರ್ಡು ಸುಟ್ಟಿಲ್ಲವೆಂದು ಸಮಾಧಾನಪಡಬಹುದು.

ಕೊನೆಯದಾಗಿ ಒಂದು ನಿಯಮ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ, ಫಲವನ್ನು ಬರೆದಿಡಿ. ಕೇಬಲ್ಲನ್ನೂ ಡ್ರೈವರನ್ನೂ ಒಟ್ಟಿಗೆ ಬದಲಾಯಿಸಿದರೆ ಚಿತ್ರ ಸರಿಹೋದೀತು. ಆದರೆ ಕೆಟ್ಟಿದ್ದುದು ಯಾವುದೆಂದು ತಿಳಿಯದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಪಾಠವೂ ಇದೇ. ಅದನ್ನು ಮನೆಯ ಮೇಜಿನ ಮೇಲೆಯೂ ಪಾಲಿಸಿದರೆ, ಅಂಗಡಿಗೆ ಹೋಗಬೇಕಾಗಿ ಬಂದರೂ, ಏನನ್ನು ಕೊಳ್ಳಬೇಕೆಂಬುದನ್ನು ತಿಳಿದೇ ಹೋಗುತ್ತೇವೆ.