ಗ್ರೀಸ್ ದೇಶದ ಓಲಿವ್ ಎಣ್ಣೆ



ಬೈಬಲಿನಲ್ಲಿ ಓಲಿವ್ ಮರದ ಹೆಸರು ಕೇಳದವರು ನಮ್ಮಲ್ಲಿಲ್ಲ. ಮರವನ್ನು ಕಂಡವರು ವಿರಳ. ಗ್ರೀಸ್ ದೇಶದ ಹಳ್ಳಿಗಳಲ್ಲಿ ಅದು ನಮ್ಮ ತೆಂಗಿನ ಹಾಗೆ, ಅಜ್ಜ ನೆಟ್ಟದ್ದನ್ನು ಮೊಮ್ಮಕ್ಕಳು ಕೊಯ್ಯುವ ಮರ. ಕ್ರೀಟ್ ದ್ವೀಪದ ವೂವೆಸ್ ಹಳ್ಳಿಯ ಒಂದು ಮರಕ್ಕೆ ಕನಿಷ್ಠ 2000 ವರ್ಷ ವಯಸ್ಸೆಂದು ಅಂದಾಜು. ಇನ್ನೂ ಕಾಯಿ ಬಿಡುತ್ತದೆ. ಅದೇ ದ್ವೀಪದ ಕ್ನೊಸೊಸ್ ಅರಮನೆಯಲ್ಲಿ ಎಣ್ಣೆಯ ಲೆಕ್ಕ ಬರೆದ, 3000 ವರ್ಷಕ್ಕೂ ಹಳೆಯ ಮಣ್ಣಿನ ಹಲಗೆಗಳು ದೊರೆತಿವೆ. ಕ್ರಿ.ಪೂ. 6ನೇ ಶತಮಾನದ ಆರಂಭದಲ್ಲಿ ಅಥೆನ್ಸಿನ ಸೋಲನ್, ಬೆಳೆಗಳ ಪೈಕಿ ಈ ಎಣ್ಣೆಯೊಂದನ್ನು ಮಾತ್ರ ಹೊರನಾಡಿಗೆ ಮಾರಬಹುದೆಂದು ಕಾನೂನು ಮಾಡಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ.

ನಾವು ಕೊಬ್ಬರಿ ಒಣಗಿಸಿಟ್ಟು, ಪುರುಸೊತ್ತು ನೋಡಿ ಗಾಣಕ್ಕೆ ಒಯ್ಯುತ್ತೇವೆ. ಓಲಿವ್ ರೈತನಿಗೆ ಆ ಪುರುಸೊತ್ತಿಲ್ಲ. ಅವನ ಎಣ್ಣೆ ಹಸಿ ಹಣ್ಣಿನ ತಿರುಳಿನಲ್ಲಿದೆ. ಕೊಯ್ದ ಹಣ್ಣು ಚೀಲದಲ್ಲಿ ದಿನಗಟ್ಟಲೆ ಬಿದ್ದರೆ ಬಿಸಿಯೇರಿ ಹುಳಿಯುತ್ತದೆ, ಎಣ್ಣೆಯಲ್ಲಿ ಆಮ್ಲದ ಅಂಶ ಹೆಚ್ಚುತ್ತದೆ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಕೊಯ್ಲು. ಮರದಡಿ ಬಲೆ ಹಾಸಿ, ಕೋಲು ಅಥವಾ ಬಾಚಣಿಗೆಯಂಥ ಸಾಧನದಿಂದ ಹಣ್ಣು ಉದುರಿಸಿ, ಸಾಧ್ಯವಾದರೆ ಅಂದೇ ಗಾಣಕ್ಕೆ ಮುಟ್ಟಿಸುತ್ತಾರೆ. ಹಿಂದೆ ಕಲ್ಲಿನ ಗಾಣದಲ್ಲಿ ಅರೆದು ಚಾಪೆಗಳ ನಡುವೆ ಇಟ್ಟು ಒತ್ತುತ್ತಿದ್ದರು. ಈಗ ಯಂತ್ರದಲ್ಲಿ ಬೀಜಸಹಿತ ಅರೆದು, ಆ ಮುದ್ದೆಯನ್ನು ಅರ್ಧ ಮುಕ್ಕಾಲು ಗಂಟೆ ನಿಧಾನವಾಗಿ ಕಲಸಿ, ರಭಸದಿಂದ ತಿರುಗಿಸಿ ಎಣ್ಣೆ ಬೇರ್ಪಡಿಸುತ್ತಾರೆ. ಶಾಖ 27 ಡಿಗ್ರಿ ಮೀರಬಾರದು. ಸಾಮಾನ್ಯವಾಗಿ 4-6 ಕಿಲೋ ಹಣ್ಣಿಗೆ ಒಂದು ಲೀಟರ್ ಎಣ್ಣೆ. ಕೂಲಿಯಾಗಿ ಗಾಣದವನು ಎಣ್ಣೆಯಲ್ಲೇ ಪಾಲು ಹಿಡಿಯುವ ರೂಢಿಯೂ ಇದೆ.

ಆಮ್ಲ ನೂರಕ್ಕೆ 0.8ರೊಳಗಿದ್ದು ರುಚಿ, ವಾಸನೆಯಲ್ಲಿ ದೋಷವಿಲ್ಲದಿದ್ದರೆ 'ಎಕ್ಸ್‌ಟ್ರಾ ವರ್ಜಿನ್'. ತೀರಾ ಕೆಟ್ಟದ್ದಕ್ಕೆ 'ಲಂಪಾಂಟೆ', ಅಂದರೆ ದೀಪದ ಎಣ್ಣೆ ಎಂದೇ ಹೆಸರು, ಶುದ್ಧೀಕರಿಸದೆ ತಿನ್ನಲಾಗದು. ಇಷ್ಟು ಜೋಪಾನದಿಂದ ತೆಗೆದ ಗ್ರೀಸಿನ ಒಳ್ಳೆಯ ಎಣ್ಣೆಯಲ್ಲಿ ದೊಡ್ಡ ಪಾಲು ಬಾಟಲಿ ಕಾಣದೆ ಟ್ಯಾಂಕರುಗಳಲ್ಲಿ ಇಟಲಿಗೆ ಹೋಗುತ್ತದೆ. ಅಲ್ಲಿ ಬೇರೆ ಎಣ್ಣೆಯೊಡನೆ ಬೆರೆತು, ಅಲ್ಲಿನ ಹೆಸರು ಹೊತ್ತು, ಹೆಚ್ಚಿನ ಬೆಲೆಗೆ ಮಾರಾಟವಾಗುತ್ತದೆ. ಅಡಿಕೆ, ಗೇರುಬೀಜ ಬೆಳೆದವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ನಮ್ಮ ಅಂಗಡಿಗಳಲ್ಲೂ ಓಲಿವ್ ಎಣ್ಣೆ ಸಿಗುತ್ತದೆ. ಕೊಳ್ಳುವವರು ಚೀಟಿ ಓದಿ. 'ಪೊಮೇಸ್' ಎಂದಿದ್ದರೆ ಅದು ಹಿಂಡಿಗೆ ದ್ರಾವಕ ಹಾಕಿ ತೆಗೆದು ಶುದ್ಧೀಕರಿಸಿದ್ದು. ತಿನ್ನಲು ಅಡ್ಡಿಯಿಲ್ಲ, ಆದರೆ ಎಕ್ಸ್‌ಟ್ರಾ ವರ್ಜಿನ್ ಬೆಲೆ ಕೊಡಬೇಡಿ. ಇದರ ಕೊಬ್ಬು ಹೃದಯಕ್ಕೆ ಹಿತವೆಂಬುದು ನಿಜ; ಆದರೂ ಒಂದು ಗ್ರಾಮಿಗೆ 9 ಕ್ಯಾಲರಿ, ತೆಂಗಿನೆಣ್ಣೆಯಷ್ಟೇ. ಬಾಟಲಿಯನ್ನು ಬೆಳಕು ಬೀಳದ ಕಡೆ, ಒಲೆಯಿಂದ ದೂರ ಇಡಿ. ತೆರೆದ ಮೇಲೆ ಎರಡು ಮೂರು ತಿಂಗಳೊಳಗೆ ಮುಗಿಸಿ.